ಹಿನ್ನೆಲಿ ಬಿಳೀ ಇರಬೇಕು

ಹಗಲೆಲ್ಲಾ ನನ್ನ ಕೆಲಸ ಅಳಸೂದು.
ದುರ್ಗದಬೈಲಿನ ಬಾಜೂ ಸಂದ್ಯಾಗ
ತುಳಜಾಸಾ ಬಾಕಳೆಯವರ ಸ್ಟುಡಿಯೋ.
ಕುತಿಗಿ ಮಟಾ ಮಂದಿ ಬರ್ತಾರ ನನ್ನ ಪರದೆಗೆ,
ಮಚ್ಚಿ, ಮೊಡವಿ, ನಿದ್ದಿಗೆಟ್ಟ ಕಣ್ಣಿನ ಕೆಳಗಿನ ಕಪ್ಪು
ಮೌಸಿನ ಒಂದು ಒತ್ತಿಗೆ ಹೋಗಿಬಿಡತಾವ.
ಎಂಟು ಪ್ರತಿ. ಹಿನ್ನೆಲಿ ಬಿಳೀ ಇರಬೇಕು.

ಸಂಜಿಗೆ ಬ್ಯಾರೆ.
ಕಂತಿನ ಮ್ಯಾಲೆ ತಗೊಂಡ ಹಳೇ ಕ್ಯಾಮೆರಾ
(ಮೊದಲಿನ ಧಣಿ ಮದವಿ ಫೋಟೋದಾಂವ,
ಗುಂಡಿಗಳ ಸಂದ್ಯಾಗ ಇನ್ನೂ ಅರಿಷಿಣ ಕುಂತೈತಿ)
ಹೆಗಲಿಗೆ ಹಾಕ್ಕೊಂಡು ಗದಗ ರಸ್ತೆ ಹಿಡೀತೀನಿ,
ರೈಲ್ವೆ ವರ್ಕ್‌ಶಾಪಿನ ಉದ್ದನ್ನ ಗ್ವಾಡಿಗುಂಟ.

ಇಲ್ಲಿ ಮೂತ್ರ ಮಾಡಬಾರದು. ಕೆಳಗ, ಮಾಡಿದ್ದರ ಗೆರಿ.
ಮೂಲವ್ಯಾಧಿಗೆ ಒಂದೇ ಗುಳಗಿ, ನಂಬರಿನ ಕಡೀ ಅಂಕಿ ಕಿತ್ತೈತಿ.
ಯಾರೋ ಎಸ್ಸು, ಯಾರೋ ಕೆ, ನಡುವ ಬಾಣ,
ಬಾಣದ ತುದಿ ಮ್ಯಾಲೆ ಸಿಮೆಂಟಿನ ತ್ಯಾಪಿ.
ಅದರಾಚೆ, ಆಳೆತ್ತರ, ನೀಲಿ ಸ್ಪ್ರೇದಾಗ
ಒಂದ ಶಬ್ದ:
ಗಿರ್ಮಿಟ್.

ಮೊದಲ ದಿನ ನಕ್ಕೆ, ಹಸದಾಂವ ಬರದಿರಬೇಕು ಅಂತ.
ರಾತ್ರಿ ದೊಡ್ಡದು ಮಾಡಿ ನೋಡಿದರ
ಗಿ ಅನ್ನೂದರ ಹೊಟ್ಯಾಗ ಇಟ್ಟಂಗಿ ಉಸರಾಡತಾವ,
ಅರ್ಕಾವತ್ತಿನ ಬಾಲ ಎಳದು ಎಳದು
ಬೋಗಿಗೆ ಬೋಗಿ ಕೂಡಸೋ ಕೊಕ್ಕಿ ಮಾಡ್ಯಾನ,
ಟ್ ಅನ್ನೂದರ ತುದಿಗೆ ಒಂದು ಮೆಣಸಿನಕಾಯಿ,
ಹಸರಲ್ಲ, ಅದೂ ನೀಲಿ.

ಇನ್ನೂ ದೊಡ್ಡದು ಮಾಡಿದೆ, ನಾಕುನೂರು ಪರ್ಸೆಂಟ್.
ನೀಲಿ ಕೆಳಗ ಸುಣ್ಣ, ಸುಣ್ಣದ ಕೆಳಗ ಕಾವಿ,
ಕಾವಿಯ ಮೂಲ್ಯಾಗ ಇರುವಿ ಸಾಲಿನಂಥಾ ಸಹಿ:
ಮಾಬೂ ಆರ್ಟ್ಸ್, ೮೭.
ಸಬಕಾರದ ಜಾಹೀರಾತು ಬರದು
ಬ್ರಶ್ಶು ಝಾಡಿಸಿದ್ದರ ಹನಿ ಸುದ್ದಾ ಅಲ್ಲೇ ಐತಿ.
ಹತ್ತು ವರ್ಷ ಬಸ್ಸಿನ್ಯಾಗ ಕುಂತು
ಇದರ ಮುಂದ ಹಾದು ಹೋಗೀನಿ, ಕಿಡಕಿ ಕಡೆ.

ವಾಚ್‌ಮನ್ ಬಂದು ಗದರಿದ:
"ತಗೀಬಾರದು. ರೈಲ್ವೆ ಆಸ್ತಿ."
ಗ್ವಾಡಿ ನಿಮ್ಮದರೀ, ಬರದದ್ದು ಯಾರದು?
ತಲಿ ಕೆರಕೊಂಡ. ಆ ಪ್ರಶ್ನೆಕ್ಕ ಅವನ ರಜಿಸ್ಟರಿನ್ಯಾಗ ಕಾಲಂ ಇರಲಿಲ್ಲ.

ಮಾರ್ಚಿನ್ಯಾಗ ಯಾರೋ ದೊಡ್ಡವರು ಬರ್ತಾರಂತ
ಸುಣ್ಣದ ಬಕೀಟು ಬಂದವು.
ಅದನ್ನೂ ತಗದೆ. ಹಸೀ ಸುಣ್ಣದಾಗ ಕೊಕ್ಕಿ ಮಸುಕ ಮಸುಕ,
ಕೆನಿ ಕೆಳಗ ಹಾಲು ಅಲಗಾಡಿಧಂಗ.
"ಬಿಳೀ ಗ್ವಾಡಿ ಏನ್ ತಗೀತೀಯವಾ, ಏನೂ ಇಲ್ಲಲ್ಲ?"
ಅಂದ ಬಳಿಯೂ ಯಮನೂರಪ್ಪ.
ಅವನ ಬ್ರಶ್ಶಿನ ಗೆರಿ ಅವಗ ತೋರಿಸಿದೆ.
ಟವೆಲ್ಲಿಗೆ ಕೈ ಒರಸಿಕೊಂಡು, ಬಗ್ಗಿ, ಭಾಳ ಹೊತ್ತು ನೋಡಿ
"ಎಡಕ್ಕ ಒಂಚೂರು ಬಿಟ್ಟೀನಲ್ಲ" ಅಂತ ಹೊಳ್ಳಿ ಹೋದ.

ಮುಂದಿನ ಸೋಮಾರ ಒಬ್ಬ ಹುಡುಗ, ಐಟಿಐ ಅರ್ಜಿಗೆ.
ಪಾವತಿಗೆ ಹೆಸರು? ಎಲಿಷಾ ದೊಡ್ಡಮನಿ.
ಸ್ಟೂಲಿನ ಮ್ಯಾಲೆ ನೆಟ್ಟಗ ಕುಂತ, ಹಿಂದ ಬಿಳೀ ಅರಿವಿ.
ಫ್ರೇಮಿನ್ಯಾಗ ಕೈ ಬರೂದಿಲ್ಲ.
ಅದಕ್ಕ ಇರಬೇಕು, ನಾ ಕೈ ನೋಡಿದೆ:
ತೊಡಿ ಮ್ಯಾಲೆ ಜೋಡಿಸಿ ಇಟ್ಟಿದ್ದ,
ಉಗುರಿನ ಸಂದಿಗೆ ನೀಲಿ.
ಕೇಳಲಿಲ್ಲ.
ಗದ್ದ ಒಂದೀಟು ಕೆಳಗ, ಅಂದೆ.

"ಹುಬ್ಬಿನ ಗಾಯ ತಗೀರಿ ಅಕ್ಕಾರ,
ಕಂಪೌಂಡ್ ಜಿಗಿಯೂ ಮುಂದ ಆಗಿದ್ದು."
ತಗದೆ. ಕೇಳಿದ್ದನ್ನ ತಗಿಯೂದು ಈ ಅಂಗಡಿ ಧರ್ಮ.
ಎಂಟೂ ಎಣಿಸಿದ. ಬೆಳಕಿಗೆ ಹಿಡದ.
"ಇಂವ ಯಾರ್ರೀ?" ಅಂತ ನಕ್ಕು
ರೊಕ್ಕ ಇಟ್ಟು ಹೋದ.

ಗಾಯ ಇದ್ದದ್ದು ನನ್ನ ಹಂತೇಕ ಐತಿ,
ಗ್ವಾಡಿ ಫೋಲ್ಡರಿನ್ಯಾಗ, ಕೊಕ್ಕಿ ಬಾಜೂಕ.

ಇವತ್ತ ಒಂದು ಕನ್ಯಾ ಫೋಟೋ ಬಂದೈತಿ, ಅರ್ಜೆಂಟು.
ಗಲ್ಲದ ಮ್ಯಾಲೆ ಎಳ್ಳಿನಷ್ಟು ಮಚ್ಚಿ.
ದೊಡ್ಡದು ಮಾಡೀನಿ. ಇನ್ನೂ ದೊಡ್ಡದು.
ಅಂಚು ಸರಳ ಇಲ್ಲ, ಒಂದು ಕಡೆ ಕಾವಿ,
ಒಂದು ಕಡೆ ನೇರಳಿ, ನಡುವ ಒಂದ ಕೂದಲ.

"ಮುಗೀತೇನವಾ?" ಕೌಂಟರಿನಿಂದ ತುಳಜಾಸಾ.
ಇಲ್ರೀ.
ಇನ್ನಾ ನೋಡಾಕತ್ತೀನಿ.