ಕೆಳಮನೆಯವಳ ಸಾಕ್ಷಿ

ಅನಲಾಗೋ ಡಿಜಿಟಲೋ, ನನ್ನ ಛಾವಣಿಗೆ ಎರಡೂ ಒಂದೇ:
ಧಿಮ್, ಧಿಮ್, ನಡುವೆ ಒಂದು ಬಿಡುವು,
ಆಮೇಲೆ ವಿಟೋಲ್ಡನ ಕುರ್ಚಿ ಹಿಂದಕ್ಕೆ ಸರಿಯುವ ಸದ್ದು.

ಜೆರ್ಜೋನ್ಯೂಫ್‌ನ ರೇಡಿಯೋ ಕಾರ್ಖಾನೆಯಲ್ಲಿ
ಅವನು ಬೆಸುಗೆ ಹಾಕುತ್ತಿದ್ದ, ನಾನು ಕೇಳುತ್ತಿದ್ದೆ.
ಹೌದು, ಕೇಳುವುದೇ ನನ್ನ ಕೆಲಸ.
ಸಾಲಾಗಿ ಬರುವ ಸ್ಪೀಕರುಗಳಿಗೆ ಕಿವಿಯಿಟ್ಟು
ಗೊರಗೊರ ಅಂದದ್ದನ್ನು ಪಕ್ಕಕ್ಕೆ ತೆಗೆದಿಡುವುದು.
ಇಪ್ಪತ್ತೊಂದು ವರ್ಷ.
ಕಾರ್ಖಾನೆ ಮುಚ್ಚಿತು. ಕಿವಿ ಮುಚ್ಚಲಿಲ್ಲ.

ಎರಡು ಚಳಿಗಾಲದಿಂದ ವಿಟೋಲ್ಡನಿಗೆ ಒಂದೇ ಚಿಂತೆ:
ಪಿಟೀಲು ಕುಟುಕುತ್ತದಂತೆ.
ಹಾಡುವವಳು ಒಂದು ‘ಸ’ ಅಂದರೆ ಸಾಕು, ಗಾಜು ಗೀರಿದ ಹಾಗಂತೆ.
ಮೊದಲು ಸೂಜಿ ಬದಲಿಸಿದ.
ಆಮೇಲೆ ವಾಲ್ವು, ಕಿತ್ತಳೆ ಬೆಳಕಿನವು ನಾಲ್ಕು,
ಒಂದು ತಿಂಗಳ ಪಿಂಚಣಿ ಅವಕ್ಕೇ ಹೋಯಿತು.
ಆಮೇಲೆ ಕೆಪಾಸಿಟರುಗಳನ್ನು ಒಂದೊಂದಾಗಿ
ಹಲ್ಲು ಕೀಳುವ ಹಾಗೆ.
ಮೆಟ್ಟಿಲಲ್ಲಿ ಎದುರಾದರೆ ಅಂಗಿಯಿಂದ ಬೆಸುಗೆಯ ಹೊಗೆ.
ನನಗೆ ಒಂದು ಗಳಿಗೆ ಮೂವತ್ತು ವಯಸ್ಸು.

ನವೆಂಬರಿನಲ್ಲಿ ಮಗಳು ಯಾಗೋದಾ ಬಂದಳು ವ್ರೊತ್ಸ್ವಾಫಿನಿಂದ,
ಕೈಯಲ್ಲಿ ಸಾಬೂನು ಪೆಟ್ಟಿಗೆಯಷ್ಟು ಕಪ್ಪು ಡಬ್ಬಿ.
ಬಿಸಿನೀರಿನ ಕೊಳವೆ ಹಿಡಿದು ಜಗಳ ಇಳಿದು ಬಂತು,
ಒಂದಕ್ಷರ ಸೋರಲಿಲ್ಲ:

“ಸೆಕೆಂಡಿಗೆ ನಲವತ್ತನಾಲ್ಕು ಸಾವಿರದ ನೂರು ಚೂರು ಮಾಡುತ್ತೀ.
ಚೂರುಗಳ ನಡುವೆ ಉದುರಿದ್ದನ್ನು ಗುಡಿಸುವವರು ಯಾರು?”
“ಏನೂ ಉದುರುವುದಿಲ್ಲ ಅಪ್ಪ. ಚುಕ್ಕಿ ಸಾಕಷ್ಟಿದ್ದರೆ
ಅವುಗಳ ಮೂಲಕ ಹಾಯುವ ಗೆರೆ ಒಂದೇ.”
“ಗೆರೆ ಬೇರೆ, ಉಸಿರು ಬೇರೆ.”
“ನಿನ್ನ ರೆಕಾರ್ಡಿನ ಉಸಿರು ಅಂದರೆ ಧೂಳು.”

ನಂತರ ಒಂದು ಕೂಗು. ಅವಳ ಯಂತ್ರದ್ದು.
ಹೊಟ್ಟೆಯೊಳಗಿಂದೆದ್ದು, ಏರಿ, ಏರಿ,
ಸೊಳ್ಳೆಯಾಗಿ, ಕೊನೆಗೆ ಬರೀ ಅನುಮಾನವಾಗಿ ಮುಗಿಯುವ ಕೂಗು.
ಏಳು ಸಲ. ನನ್ನ ಬೆಕ್ಕು ಮಂಚದಡಿ ಸೇರಿತು.

“ಎರಡು ಸಾವಿರದಿಂದ ಮೇಲೆ ಒಂದು ದಿಬ್ಬ ಇದೆ ಅಪ್ಪ.
ಡಬ್ಬಿಯೊಳಗೇ ಕೆತ್ತಿ ಸಮ ಮಾಡುತ್ತೇನೆ,
ಯಾರಿಗೂ ಗೊತ್ತಾಗುವುದಿಲ್ಲ.”
“ನನಗೆ ಗೊತ್ತಾಗುತ್ತದೆ.”

ಇನ್ನು ತಡೆಯಲಾಗಲಿಲ್ಲ. ಮನೆಚಪ್ಪಲಿಯಲ್ಲೇ ಮೇಲೆ ಹೋದೆ.
ಕೋಣೆಯ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿದೆ.
ಟಿರ್ರೆಂದು ಹಿಂತಿರುಗಿಸಿತು ಪಡುವಣ ಗೋಡೆ.

“ಇಲ್ಲಿ ಹಾಲ್ಶ್ಕಾಳ ಕಪಾಟು ಇತ್ತಲ್ಲ,” ಅಂದೆ,
“ಬಾಗಿಲೇ ಇಲ್ಲದ್ದು. ಒಳಗೆ ಹನ್ನೊಂದು ಉಣ್ಣೆಕೋಟು.”

ಆ ಹೆಸರು ಆ ಮನೆಯಲ್ಲಿ ಎರಡು ವರ್ಷದಿಂದ ಯಾರೂ ಆಡಿರಲಿಲ್ಲ.
ಕಪಾಟು ಗ್ದಿನ್ಯಾಗೆ ಹೋಯಿತು, ಸಮುದ್ರದ ಕಡೆ, ಅವಳೊಡನೆ.
ನಾಲ್ವರು ಇಳಿಸಿದರು, ನನ್ನ ಬಾಗಿಲ ಚೌಕಟ್ಟಿಗೆ ಗೀರು ಈಗಲೂ ಇದೆ.

ಕುಣಿಯಲಾರದವರು ನೆಲ ಡೊಂಕು ಅನ್ನುತ್ತಾರೆ, ನಿಜ.
ಒಮ್ಮೊಮ್ಮೆ ಪಾಪ, ಕುಣಿಯುವವರು ಸರಿಯಾಗೇ ಕುಣಿಯುತ್ತಿರುತ್ತಾರೆ.

ವಿಟೋಲ್ಡ್ ಗೋಡೆ ನೋಡಿದ. ಮಗಳು ಪರದೆಯ ದಿಬ್ಬ ನೋಡಿದಳು.
ಯಾರ ಮಾತೂ ಗೆಲ್ಲಲಿಲ್ಲ. ಡಬ್ಬಿಯ ದೀಪ
ನೀಲಿಯಾಗಿ ಮಿಣುಕುತ್ತಿತ್ತು, ವಾಲ್ವುಗಳು ಬೆಚ್ಚಗಿದ್ದವು.

ನಾನು ಕೆಳಗಿಳಿದು ನನ್ನ ಗೋಡೆಯ ಜಮಖಾನ ಬಿಚ್ಚಿದೆ,
ಅತ್ತೆ ನೇಯ್ದದ್ದು, ಕೆಂಪು, ಒಂದು ಮೂಲೆ ನುಸಿ ತಿಂದದ್ದು.
ಯಾಗೋದಾ ಮೊಳೆ ಹೊಡೆದಳು, ಅವನು ಏಣಿ ಹಿಡಿದ.
ತಟ್ಟಿದೆ. ಚಪ್ಪಾಳೆ ಮರಳಲಿಲ್ಲ,
ಹಿಟ್ಟಿನ ಮೇಲೆ ಬಿದ್ದ ಗುಂಡಿಯ ಹಾಗೆ ಅಲ್ಲೇ ಉಳಿಯಿತು.

ಈಗ ಸಂಜೆ ಅವನ ಪಿಟೀಲು ಕುಟುಕುವುದಿಲ್ಲವಂತೆ.
ಡಬ್ಬಿಯನ್ನು ಬಿಚ್ಚಿಲ್ಲ, ಹಾಗಂತ ಹೊಗಳಿಯೂ ಇಲ್ಲ.

ನನ್ನ ಗೋಡೆ ಬೋಳು.
ಬೆಳಗಿನ ವಾರ್ತೆ ಓದುವ ಹುಡುಗಿ
ಒಂದೊಂದು ‘ಸ’ಕ್ಕೂ ಗಾಜು ಗೀರುತ್ತಾಳೆ.
ರೇಡಿಯೋದಲ್ಲಿ ದೋಷವಿಲ್ಲ,
ಅದನ್ನು ಪಾಸು ಮಾಡಿದವಳು ನಾನೇ.