ಸಿಬರು

ಚಪ್ಪಲ್ ಅಲ್ಲೇ ಬಿಡು, ದಾವಲಾ.
ಹೊರಗಿನವು ಹೊರಗ, ಒಳಗಿನವು ಒಳಗ.
ಅಡಗಿಮನಿಗೂ ಲೇತಿಗೂ ನಡುವ ಇರೂದು
ಒಂದು ಗ್ವಾಡಿ, ಒಂದು ಗೋಣಿತಾಟು.
ತಾಟು ದಾಟಿದ್ದು ರೊಟ್ಟ್ಯಾಗ ಸಿಗತೈತಿ.
ನಮ್ಮವರು ಒಮ್ಮೆ ಕಟ್ ಅಂತ ಕಡದು,
ನೀರು ಮುಕ್ಕಳಿಸಿ, ಬಿಸಿಲಿಗೆ ಹಿಡದು ನೋಡಿ
‘ಹಿತ್ತಾಳಿ’ ಅಂದಿದ್ರು. ಅಷ್ಟ.

ಮೊದಲ ಮಾತು, ಕೈ ಹಾಕಬ್ಯಾಡ.
ಉಕ್ಕು ನೀಲಿಗೆ ತಿರುಗಿ ಇಳೀತೈತಿ
ಸಣ್ಣ ಹುಡಿಗಿ ಗುಂಗುರು ಕೂದಲದಂಗ.
ಚೆಂದ ಕಾಣತೈತಿ, ಕೈ ತಾನ ಹೋಗತೈತಿ.
ಚಕ್ಕು ಅದರ ತುದಿ ಹಿಡದು ಜಗ್ಗಿತಂದ್ರ
ಕೂದಲಲ್ಲ, ಕುಡಗೋಲು.
ಸೈಕಲ್ ಕಡ್ಡಿ ಬಗ್ಗಿಸಿ ಕೊಕ್ಕಿ ಮಾಡೇನಿ,
ಮಳಿಗೆ ತೂಗೈತಿ ನೋಡು.
ಮಷೀನು ನಿಂದ್ರಸು. ಪೂರಾ ನಿಂದ್ರಲಿ.
ಆಮ್ಯಾಲ ಕೊಕ್ಕಿ.

ಬೀಡಿಗೆ ಸುರುಳಿಲ್ಲ, ಬರೇ ಪುಡಿ,
ಗುರೆಳ್ಳು ಚಟ್ನಿಯಂಗ ಕಪ್ಪಗ.
ಊದಬ್ಯಾಡ, ಗಾಳಿ ಪೈಪು ಹಿಡೀಬ್ಯಾಡ,
ಗಾಳಿಗೇನು ಗೊತ್ತು ಕಣ್ಣೆಲ್ಲೈತಿ ಅಂತ.
ಹಿತ್ತಾಳಿ ಬನ್ಸಿ ರವಾದಂಗ ಸಿಡದು
ಅಂಗಿ ಕಾಲರಿನ್ಯಾಗ ಹೊಕ್ಕು ಸುಡತೈತಿ,
ಕುಣೀಬ್ಯಾಡ, ನಾ ನಗೂದಿಲ್ಲ.
ಅಲ್ಯೂಮಿನಿ ಮಾತ್ರ ಬಾಯಿಲ್ಲದ್ದು,
ಕಾಲಿಗೆ ಹತ್ತಿಕೊಂಡು ಊರು ತಿರಗತೈತಿ.

ಇದು ಹಳೇ ಸ್ಪೀಕರಿನ ಅಯಸ್ಕಾಂತ.
ಹಾಲಿನ ಪಾಕೀಟಿನ್ಯಾಗ ಹಾಕಿಯೇ ಆಡಸು.
ಬರೇದು ತಾಗಿಸಿದ್ರ ಅದಕ್ಕ ಗಡ್ಡ ಬರತೈತಿ,
ಬೆಟಗೇರಿಯ ಯಾವ ನಾವಲಿಗ್ಯಾಂದೂ ಬೋಳಿಸಾಕಾಗೂದಿಲ್ಲ.
ಪಾಕೀಟು ಒಳಗಿಂದು ಹೊರಗ ತಿರುವು,
ಗಡ್ಡ ಚೀಲದಾಗ, ಕಲ್ಲು ಕೈಯಾಗ.

ಕಬ್ಬಿಣದ ಡಬ್ಬಿ, ಹಿತ್ತಾಳಿ ಡಬ್ಬಿ, ಅಲ್ಯೂಮಿನಿ ಡಬ್ಬಿ.
ಶುಕ್ರವಾರ ಬರೋ ಗುಜರಿ ಇಮಾಮಣ್ಣ
ಮುಷ್ಟಿ ತುಂಬ ಹಿತ್ತಾಳಿ ತಗದು
ಅದರಾಗ ಒಂದು ಕಬ್ಬಿಣದ ಹರಳು ಕಂಡ್ರ
ಎಲ್ಲಾ ಕಬ್ಬಿಣದ ರೇಟಿಗೆ ಅಂತಾನ.
ಹಿಂಗ ಬೆರೆಸಿ ಮೂರು ವರ್ಷ ಕೊಟ್ಟೇನಿ ನಾನು,
ದಡ್ಡಿ.

ಬಾಜೂ ಮನ್ಯಾಗ ಮಗ್ಗದ ಸಪ್ಪಳ ಕೇಳಸ್ತೈತಲ್ಲ,
ಅದು ತುಳಜಾಬಾಯಿದು.
ಆ ಸಪ್ಪಳ ನಿಂತ್ರ ನಮಗ ಟೂಲ್ ಮುರದಂಗಾಗತೈತಿ.
ಒಮ್ಮೆ ಸಕ್ರಿ ಕೇಳಾಕ ಹೋದೆ, ಇದ ಚಪ್ಪಲ್ ಮ್ಯಾಲ.
ಹೊಸ್ತಿಲದಾಗ ಕಾಲು ಝಾಡಿಸಿದ್ದು ನೆನಪೈತಿ.
ಕೂದಲಷ್ಟು ಒಂದು ಉಕ್ಕಿನ ಎಳಿ
ಯಾವ ಮಾಯದಾಗ ಸೆರಗಿನ ಹಾಸಿಗೆ ಬಿತ್ತೋ.
ನೇಯ್ದಾಗ ಜರಿಯಂಗ ಹೊಳೀತಂತ.
ಮಡಚಿದವರು ನೋಡಲಿಲ್ಲ, ಮಾರಿದವರು ನೋಡಲಿಲ್ಲ.
ಸೀರಿ ಲಕ್ಷ್ಮೇಶ್ವರಕ್ಕ ಹೋತು,
ಮಳಿಗಾಲ ಮುಗದ ಮ್ಯಾಲ ತಿರುಗಿ ಬಂತು.
ಸೆರಗಿನ ನಟ್ಟನಡುವ ಸಾಸಿವಿ ಕಾಳಿನಷ್ಟು ಜಂಗು,
ಸುತ್ತ ಚಾದ ಕಲೆಯಂಗ ಒಂದು ಬಳಿ.

ಆಕಿ ಬೈಲಿಲ್ಲ. ಇದ ಲೇತಿನ ಮ್ಯಾಲ ಹಾಸಿ
‘ಇದು ನಿಂದೇನು?’ ಅಂದ್ಲು.
ಉಗುರಿನ್ಯಾಗ ಎಬ್ಬಿಸಿ ನೋಡಿದೆ.
ಎಡಕ್ಕ ಸುತ್ತಿತ್ತು.
ಹಂಗ ಎಡಕ್ಕ ಸುತ್ತಾಕ ಇಡೀ ಓಣ್ಯಾಗ
ನನ್ನ ಮಸದ ಟೂಲ್ ಬಿಟ್ರ ಬ್ಯಾರೆ ಇರಲಿಲ್ಲ.
‘ನಂದ’ ಅಂದೆ.
ಮೂರು ಕಂತಿನ್ಯಾಗ ರೊಕ್ಕ ಮುಟ್ಟಿಸಿದೆ,
ಕಡೀ ಕಂತಿನ್ಯಾಗ ಐವತ್ತು ಬಿಟ್ಲು.
ಖಂಡೇನವಮಿ ದಿನ ಅದ ಸೀರಿ ಉಟ್ಟು
ಲೇತಿಗೆ ಕುಂಕುಮ ಹಚ್ಚತೇನಿ,
ಜಂಗಿನ ಕಲೆ ಹೊರಗ ಕಾಣೂಹಂಗ.
ಈಗೂ ಅವರ ಬಾಗಲದಾಗ ನಿಂತ್ರ
ತುಳಜಾಬಾಯಿ ಮೊದಲ ನನ್ನ ಕಾಲು ನೋಡತಾಳ,
ಆಮ್ಯಾಲ ಮಾರಿ.

ಏನಾತು? ಬಟ್ಟು ಚೀಪಬ್ಯಾಡ, ತಾ ಇಲ್ಲಿ.
ಹೇಳಿದ್ದಿಲ್ಲೇನು ಕೈ ಹಾಕಬ್ಯಾಡಂತ?
ಕಣ್ಣಿಗೆ ಕಾಣೂದಿಲ್ಲ ಇದು, ಕನ್ನಡಕಕ್ಕೂ ಸಿಗೂದಿಲ್ಲ.
ಆ ಮಾಡದಾಗಿನ ಡಬ್ಬಿ ತಗಿ,
ಅದರಾಗ ಅವರ ಮಗ್ಗದ ಹತ್ತಿ ಐತಿ.
ಬಟ್ಟಿನ ಮ್ಯಾಲ ಹಗೂರಕ ಸವರು.
ಇನ್ನೊಮ್ಮೆ. ಉಸರು ಬಿಗಿ ಹಿಡೀಬ್ಯಾಡ.
ಎಲ್ಲಿ ಹತ್ತಿ ಹಿಡಕೊಂಡು ನಿಂದ್ರತೈತೋ
ಅಲ್ಲೇ ಐತಿ ಸಿಬರು.
ಹಾಂ. ಅಲಗಾಡಬ್ಯಾಡ.
ಸೂಜಿ ಎಲ್ಲಿಟ್ಟೆ ನಾನು?