ನಾಲ್ಕನೇ ಮಹಡಿಗೆ ಎರಡು ಸಿಲಿಂಡರ್

ಗ್ಡಿನ್ಯಾದ ಈ ಕಟ್ಟಡಕ್ಕೆ ಲಿಫ್ಟಿಲ್ಲ.
ಎಂಬತ್ತೆರಡು ಮೆಟ್ಟಿಲು.
ಹೆಗಲ ಮೇಲೆ ಕಬ್ಬಿಣ ಹೊತ್ತವನು ಎಣಿಸದೆ ಇರಲಾರ.
ಒಳಗಿರೋದು ಬರೀ ಗಾಳಿ, ಅಂದಳು ಕೆಳಮನೆಯ ಮುದುಕಿ,
ಗಾಳಿ ಹೊರೋಕೆ ಇಷ್ಟು ಏದುಸಿರೇ?

ಬಾಗಿಲು ತೆರೆದವಳು ಬೊಗುಮಿಲಾ,
ಟ್ರಾಲಿಬಸ್ ಓಡಿಸುವವಳು.
ಬಲಗಣ್ಣು ಕೆಂಪು, ರೆಪ್ಪೆ ಜೋತು,
ಅದೇ ಹೊಳ್ಳೆಯಷ್ಟೇ ಸೋರುತ್ತಿತ್ತು,
ಅರ್ಧ ಮುಖ ಮಾತ್ರ ಅತ್ತ ಹಾಗೆ.
ತಲೆನೋವು, ಅಂದಳು.
ನಕ್ಕುಬಿಟ್ಟೆ. ಈಗಲೂ ನಾಚಿಕೆಯಾಗುತ್ತದೆ.
ತಲೆನೋವೆಂದರೆ ನನಗೆ ಗೊತ್ತಿದ್ದದ್ದು
ಭಾನುವಾರದ ವೋಡ್ಕಾ, ಸೋಮವಾರದ ಮೇಸ್ತ್ರಿ.

ಕಂತು ಕಂತಾಗಿ ಹೇಳಿದಳು,
ಖಾಲಿಯದನ್ನು ಬಿಚ್ಚಿ ತುಂಬಿದ್ದನ್ನು ಜೋಡಿಸುವಷ್ಟು ಹೊತ್ತು.
ಮೊದಲು ಹಲ್ಲಿನ ಡಾಕ್ಟರು ದವಡೆ ಹಲ್ಲೆರಡು ಕಿತ್ತರು,
ಎಂದೂ ನೋಯದಿದ್ದ ಹಲ್ಲುಗಳು.
ಮೂಗಿನವರು ಮೂಗು ತೊಳೆದರು.
ಅತ್ತೆ ಹಣೆಗೆ ಎಲೆಕೋಸಿನ ಎಲೆ ಕಟ್ಟಿದಳು.
ಡಿಪೋದಲ್ಲಿ ಯಾರೋ ಅಂದರು:
ಗಂಡ ಬಿಟ್ಟವರಿಗೆ ಹೀಗೆ ಆಗುತ್ತೆ.
ಹೃದಯದ ಮಾತ್ರೆ ಕೊಟ್ಟರು ತಲೆಗೆ;
ಮನಸ್ಸಿನ ಮಾತ್ರೆ ಕೊಟ್ಟರು,
ಕೈ ನಡುಗಿತು, ಸ್ಟೀರಿಂಗ್ ಕಸಿದುಕೊಂಡರು.
ಹನ್ನೊಂದು ವರ್ಷ.
ನೋವಿಗೊಂದು ಹೆಸರು ಸಿಕ್ಕಿದ್ದೇ ಏಳನೆಯ ವರ್ಷ.

ರಾತ್ರಿ ಎರಡು ಹತ್ತಕ್ಕೆ ಬರುತ್ತದಂತೆ.
ನಮ್ಮ ಯಾವ ಬಸ್ಸೂ ಅಷ್ಟು ಕರಾರುವಾಕ್ಕಲ್ಲ, ಅಂದಳು.
ಮಾರ್ಚಿನ ಕೊನೆಯ ಭಾನುವಾರ ಇಡೀ ದೇಶ
ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳಿತು.
ಅದು ಮೂರು ಹತ್ತಕ್ಕೆ ಬಂತು.
ಸರ್ಕಾರದ ಮಾತು ಅದರ ಕಿವಿಗೆ ಬೀಳುವುದಿಲ್ಲ.

ಒಮ್ಮೆ ಹಗಲಲ್ಲೇ ಬಂತು, ನಾನಿದ್ದಾಗ.
ಕೂರಲಾರಳು, ಮಲಗಲಾರಳು,
ಒಲೆಯಿಂದ ಬಾಲ್ಕನಿಗೆ ಶತಪಥ,
ಅಂಗೈಯ ಬುಡದಲ್ಲಿ ಕಣ್ಣನ್ನು ಒಳಕ್ಕೆ ಒತ್ತಿ ಹಿಡಿದು,
ಎಲ್ಲಿ ಕಳಚಿ ಬೀಳುವುದೋ ಎಂಬಂತೆ.
ಕೀಲಿ ತಿರುವಿದೆ. ನಿಮಿಷಕ್ಕೆ ಹದಿನೈದು ಲೀಟರು.
ಮಾಸ್ಕು ಮುಖಕ್ಕೊತ್ತಿ ಮುಂದೆ ಬಾಗಿ ಕೂತಳು.
ಕೆಳಗೆ ಬಂದರಿನಲ್ಲಿ ಹಡಗೊಂದು ಕೂಗಿತು, ಮತ್ತೆ ಕೂಗಿತು.
ಹದಿಮೂರನೇ ನಿಮಿಷಕ್ಕೆ ಭುಜ ಇಳಿಯಿತು.
ಹೋಯಿತು, ಅಂದಳು,
ಬಸ್ಸು ಹೋಯಿತು ಅನ್ನುವ ದನಿಯಲ್ಲಿ.
ಆಮೇಲೆ ನನಗೆ ಚಹಾ ಮಾಡಿದಳು.

ಆ ಚಳಿಗಾಲ ಗಾಳಿಯೂ ಸೋಲತೊಡಗಿತು.
ಗ್ಡಾನ್ಸ್ಕಿನ ಆಸ್ಪತ್ರೆಯಲ್ಲಿ ಹಿಂದಲೆಯ ಚರ್ಮದಡಿ ತಂತಿ ಹಾಯಿಸಿ
ಸೊಂಟದ ಬಳಿ ಬ್ಯಾಟರಿ ಹುಗಿದರು.
ಪೂರ್ತಿ ಹೋಗುತ್ತದೆ ಅನ್ನಲಾರೆ, ಅಂದಿದ್ದರಂತೆ ಡಾಕ್ಟರಮ್ಮ.
ಬೊಗುಮಿಲಾ ನೆತ್ತಿ ಮುಟ್ಟಿಕೊಂಡು ನಕ್ಕಳು:
ಈಗ ನಾನೇ ಟ್ರಾಲಿಬಸ್ಸು,
ತಲೆಗೆ ತಂತಿ, ಮೈಯೆಲ್ಲ ಕರೆಂಟು.

ವೈದ್ಯ ನನಗೆ ತಿಳಿಯದು. ಖಾಲಿ ಸಿಲಿಂಡರ್ ತಿಳಿಯುತ್ತದೆ.
ಜನವರಿಯಲ್ಲಿ ಒಂಬತ್ತು ಇಳಿಸಿದೆ.
ಫೆಬ್ರವರಿಯಲ್ಲೂ ಒಂಬತ್ತು; ಬೈದುಕೊಂಡೆ, ಯಾರನ್ನೋ.
ಏಪ್ರಿಲಿನಲ್ಲಿ ಐದು.
ಮೇ ತಿಂಗಳ ಒಂದು ಬೆಳಿಗ್ಗೆ
ಬಾಗಿಲಿಗೆ ಚೀಟಿ ಅಂಟಿಸಿತ್ತು:
'ಒಂದು ಸಾಕು, ಇಲ್ಲೇ ಇಟ್ಟುಹೋಗಿ.
ಅದಕ್ಕೆ ನನ್ನ ವಿಳಾಸ ಗೊತ್ತಿದೆ.
ಇನ್ನೊಂದನ್ನು ಒಯ್ಯಿರಿ.
ಬೆಲ್ ಒತ್ತಬೇಡಿ.'

ತುಂಬಿದ ಸಿಲಿಂಡರ್ ಹೊತ್ತು ಮೆಟ್ಟಿಲಿಳಿದದ್ದು ಅದೇ ಮೊದಲು.
ಹೆಗಲು ಗೊಂದಲಗೊಂಡಿತು.
ಕೆಳಮನೆಯ ಮುದುಕಿ ಇಣುಕಿದಳು:
ತಂದದ್ದನ್ನೇ ಒಯ್ತಿದ್ದೀಯಲ್ಲ, ಅವಳು ಇಲ್ಲವಾ?

ಇದ್ದಾಳಮ್ಮ, ಅಂದೆ.
ಮಲಗಿದ್ದಾಳೆ.